ಹಕ್ಕಿ ನೋಡಲು ಯಾವ ಕ್ಯಾಮೆರಾ ತಗೊಳ್ಳಲಿ?

ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೊರಳಿಗೆ ದುರ್ಬೀನು ಹಾಕಿಕೊಂಡು ನಿಂತರೆ ಸಾಕು, ವಾಕಿಂಗ್ ಬಂದವರಲ್ಲಿ ಒಬ್ಬರಾದರೂ ಹತ್ತಿರ ಬಂದು ಮಾತಾಡಿಸುತ್ತಾರೆ. ಹಿಂದೆಲ್ಲ ಅವರು ಕೇಳುತ್ತಿದ್ದುದು ಒಂದೇ ಮಾತು: "ಅದು ಯಾವ ಹಕ್ಕಿ?" ಈಗ ಹತ್ತು ವರ್ಷಗಳಿಂದ ಪ್ರಶ್ನೆ ಬದಲಾಗಿದೆ. "ಸಾರ್, ನಂಗೂ ಹಕ್ಕಿ ನೋಡೋ ಆಸೆ ಇದೆ. ಯಾವ ಕ್ಯಾಮೆರಾ ತಗೊಳ್ಳಲಿ?"

ನೆಂಟರು ಕೇಳುತ್ತಾರೆ, ಮಗಳ ಗೆಳತಿಯರು ಕೇಳುತ್ತಾರೆ, ನಿವೃತ್ತಿಯಾದ ಮೇಷ್ಟ್ರು ಕೇಳುತ್ತಾರೆ. ನಾನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ: ಮೊದಲು ಒಂದು ದುರ್ಬೀನು ತಗೊಳ್ಳಿ. ಒಂದು ವರ್ಷ ಅದರಲ್ಲಿ ನೋಡಿ. ಕ್ಯಾಮೆರಾ ಆಮೇಲೆ. ಈ ಉತ್ತರ ಕೇಳಿ ತುಂಬ ಜನರ ಮುಖ ಸಪ್ಪಗಾಗುತ್ತದೆ. ಏರಿಯ ಮೇಲೆ ನಿಂತು ಎರಡು ನಿಮಿಷದಲ್ಲಿ ಕಾರಣ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕ್ಯಾಮೆರಾ ಮೇಲೆ ಕೋಪವಿಲ್ಲ. ನನ್ನ ಹತ್ತಿರವೂ ಒಂದಿದೆ. ಹಕ್ಕಿ ನೋಡುವವರಿಗೆ "ನಾನು ಇದನ್ನು ನೋಡಿದೆ" ಎಂದು ತೋರಿಸಲು ಏನಾದರೂ ಬೇಕು, ಅದು ಇವತ್ತಿನ ಬಯಕೆಯೇನಲ್ಲ. 1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಪುರಾವೆ ಎಂದರೆ ಕೋವಿಯಿಂದ ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿಟ್ಟ ಹಕ್ಕಿ. ಅದೇ ಹೊತ್ತಿನಲ್ಲಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಅವನ್ನು ಉಳಿಸಿ ಎಂದು ಒತ್ತಾಯಿಸಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆಮೇಲೆ ಕೋವಿಯ ಜಾಗಕ್ಕೆ ದುರ್ಬೀನು, ನೋಟ್‌ಬುಕ್ಕು ಬಂದವು. ಹೇಳಿದವನ ಮೇಲೆ ನಂಬಿಕೆ ಇದ್ದರೆ ಅವನ ಟಿಪ್ಪಣಿಯೇ ಪುರಾವೆ. ಈಗ ಆ ಜಾಗಕ್ಕೆ ಫೋಟೋ ಬಂದಿದೆ. ಕೋವಿಗಿಂತ ಫೋಟೋ ಎಷ್ಟೋ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಹಿಂದಿನವರು ತೆಗೆಯುತ್ತಿದ್ದ ಫೋಟೋಗಳ ಬಗ್ಗೆಯೂ ನನಗೆ ಬಹಳ ಗೌರವವಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲ್ಮ್ ಕಾಲದವರು. ಒಂದು ರೋಲಿಗೆ 36 ಚಿತ್ರ. ತೊಳೆದು ಬರುವವರೆಗೆ ಏನು ಸಿಕ್ಕಿದೆ ಎಂದು ಗೊತ್ತಾಗುವುದಿಲ್ಲ. ಒಂದು ಚಿತ್ರಕ್ಕಾಗಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರಬೇಕಿತ್ತು. ಹಾಗೆ ಕೂತಾಗ ಹಕ್ಕಿಯ ದಿನಚರಿ ತಾನಾಗಿಯೇ ಕಲಿತುಬಿಡುತ್ತಿದ್ದರು. ಹಾಗಂತ ಆ ಕಾಲ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು ಎನ್ನಲಾರೆ. ಆಗಿನ ಲೆನ್ಸುಗಳಿಗೆ ದೂರ ಎಟುಕುತ್ತಿರಲಿಲ್ಲ, ಹಕ್ಕಿ ಖಂಡಿತ ಬಂದು ಕೂರುವ ಜಾಗವೆಂದರೆ ಗೂಡು. ಹಾಗಾಗಿ ಆ ಕಾಲದ ಹಕ್ಕಿ ಚಿತ್ರಗಳಲ್ಲಿ ಬಹಳಷ್ಟು ಗೂಡಿನ ಹತ್ತಿರವೇ ತೆಗೆದವು. ಇವತ್ತು ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಅದು ಒಳ್ಳೆಯ ಬದಲಾವಣೆ.

ಡಿಜಿಟಲ್ ಬಂದ ಮೇಲೆ ಎಲ್ಲವೂ ಸುಲಭವಾಯಿತು. ಸೆಕೆಂಡಿಗೆ ಇಪ್ಪತ್ತು ಚಿತ್ರ, ಬೇಡದ್ದನ್ನು ಅಳಿಸಲು ಖರ್ಚಿಲ್ಲ. ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೇ ತಗೊಳ್ಳಿ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಫೋಟೋದಲ್ಲಿ ಸ್ಪಷ್ಟವಾಗಿ ಬಂದರೆ ಆ ಹಕ್ಕಿ ಎಲ್ಲಿಂದ ಹೊರಟಿತ್ತು ಎಂದು ಹೇಳಬಹುದು. ಅಪರೂಪದ ಹಕ್ಕಿ ಕಂಡೆ ಎಂದು ಯಾರಾದರೂ ಹಕ್ಕಿ ದಾಖಲೆಗಳನ್ನು ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ, ಒಂದು ಮಸುಕು ಫೋಟೋ ಇದ್ದರೂ ಪರಿಶೀಲಿಸುವವರ ಕೆಲಸ ಹಗುರ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ ಸುಮಾರು ಮೂರು ಕೋಟಿ ದಾಖಲೆಗಳು ಆಧಾರ. 942 ಜಾತಿಗಳನ್ನು ಅದರಲ್ಲಿ ಅಳೆದು ನೋಡಿದ್ದಾರೆ. ಆ ಹವ್ಯಾಸಿಗಳಲ್ಲಿ ಕ್ಯಾಮೆರಾ ಮೂಲಕವೇ ಹಕ್ಕಿಗಳ ಹತ್ತಿರ ಬಂದವರು ಕಡಿಮೆಯೇನಿಲ್ಲ.

ಹಾಗಾದರೆ ದುರ್ಬೀನೇ ಮೊದಲು ಅಂತ ಯಾಕೆ ಹಟ? ಕಳೆದ ಜನವರಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಕೆರೆಯ ಅಂಚಿನಲ್ಲಿ ಒಂದು ಬಣ್ಣದ ಕೊಕ್ಕರೆ ಮೇಯುತ್ತಿತ್ತು. ಉದ್ದನೆಯ ಹಳದಿ ಕೊಕ್ಕು ಅರ್ಧ ತೆರೆದು ನೀರಿನಲ್ಲಿ ಮುಳುಗಿಸಿ, ತಲೆಯನ್ನು ಆಕಡೆ ಈಕಡೆ ಆಡಿಸುತ್ತ ಹೆಜ್ಜೆ ಹಾಕುತ್ತಿತ್ತು. ಅದು ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಕೊಕ್ಕಿಗೆ ಏನಾದರೂ ತಗುಲಿದರೆ ಪಟ್ಟನೆ ಮುಚ್ಚುತ್ತದೆ. ನಡುನಡುವೆ ಒಂದು ಕಾಲಿಂದ ಕೆಸರು ಕದಡುತ್ತದೆ. ಒಮ್ಮೊಮ್ಮೆ ಒಂದು ಕಡೆಯ ರೆಕ್ಕೆಯನ್ನು ಸರಕ್ಕನೆ ಬಿಚ್ಚಿ ಮುಚ್ಚುತ್ತದೆ. ಹೆದರಿ ಓಡುವ ಮೀನು ತೆರೆದ ಕೊಕ್ಕಿನೊಳಗೇ ಬರಲಿ ಅಂತ. ನಾನು ನಲವತ್ತು ನಿಮಿಷ ನೋಡಿದೆ. ಐದು ಮೀನು ಸಿಕ್ಕಿದವು, ಅದರಲ್ಲಿ ಒಂದು ಜಾರಿಹೋಯಿತು.

ಅಷ್ಟರಲ್ಲಿ ಇಬ್ಬರು ಹುಡುಗರು ದೊಡ್ಡ ಲೆನ್ಸ್ ಹಿಡಿದು ಬಂದರು. ಹಕ್ಕಿ ರೆಕ್ಕೆ ಬಿಚ್ಚಿದ ಒಂದು ಗಳಿಗೆ ಅವರಿಗೂ ಸಿಕ್ಕಿತು. ಚಿತ್ರ ತೋರಿಸಿದರು, ತುಂಬ ಸೊಗಸಾಗಿತ್ತು. ಮೂರು ನಿಮಿಷದಲ್ಲಿ ಹೊರಟರು, ಆಕಡೆ ಮಿಂಚುಳ್ಳಿ ಇದೆಯಂತೆ ಎಂದು. ಆ ರೆಕ್ಕೆ ಯಾಕೆ ಬಿಚ್ಚಿತು ಎಂಬ ಪ್ರಶ್ನೆ ಅವರಿಗೆ ಬರಲೇ ಇಲ್ಲ. ಕ್ಯಾಮೆರಾ ಕೈಯಲ್ಲಿದ್ದಾಗ "ಸಿಕ್ತು" ಎನ್ನಿಸಿದ ಕ್ಷಣವೇ ನೋಡುವುದು ಮುಗಿದುಹೋಗುತ್ತದೆ. ದುರ್ಬೀನಿಗೆ ಹಾಗೆ ಮುಗಿಯುವ ಜಾಗವಿಲ್ಲ. ತೋಳು ನೋಯುವವರೆಗೆ ನೋಡುತ್ತಲೇ ಇರಬಹುದು. ಹೊಸಬರಿಗೆ ಈ ಅಭ್ಯಾಸ ಮೊದಲು ಆಗಲಿ ಎನ್ನುವುದು ನನ್ನ ಆಸೆ.

ಅಭ್ಯಾಸ ಆಗದೆ ಹೋದರೆ ಏನಾಗುತ್ತದೆ ಎನ್ನುವುದನ್ನೂ ಕಂಡಿದ್ದೇನೆ. ಊರಾಚೆಯ ಒಂದು ಒಣಗಿದ ಕೆರೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ, ಸುಡುಬಿಸಿಲು. ಟಿಟ್ಟಿಭವೊಂದು ನೆತ್ತಿಯ ಮೇಲೆ ಸುತ್ತುತ್ತ ಒಂದೇ ಸಮನೆ ಕಿರುಚುತ್ತಿತ್ತು. ಐದು ಜನ ನೆಲದ ಮೇಲೆ ಬೋರಲು ಮಲಗಿ ಲೆನ್ಸ್ ಹಿಡಿದಿದ್ದರು. ಅವರ ಮುಂದೆ ಹದಿನೈದು ಅಡಿ ದೂರದಲ್ಲಿ ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ನೆಲದಲ್ಲೇ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ತಾಯಿ ತಂದೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಆಗ ಅವು ಕಾವು ಕೊಡುವುದಲ್ಲ, ಮೊಟ್ಟೆಗೆ ತಂಪು ಮಾಡಿ ನೆರಳಾಗಿ ನಿಲ್ಲುವುದು. ಆ ಬಿಸಿಲಿನಲ್ಲಿ ಮೊಟ್ಟೆ ಬಯಲಿಗೆ ಬಿದ್ದರೆ ಒಳಗಿನ ಮರಿ ಬೆಂದುಹೋಗುತ್ತದೆ.

ನಾನು ಹೋಗಿ ಹೇಳಿದೆ. ಅವರಲ್ಲಿ ಚಿಕ್ಕವನೊಬ್ಬ, "ನಾವು ಮುಟ್ಟಿಲ್ಲ ಸಾರ್, ದೂರದಿಂದಲೇ ತೆಗೀತಿದ್ದೀವಿ, ಹಕ್ಕಿ ಬಂದು ಕೂರಲಿ ಅಂತ ಕಾಯ್ತಿದ್ದೀವಿ" ಎಂದ. ಅವರು ಇರುವುದರಿಂದಲೇ ಅದು ಬಂದು ಕೂರುತ್ತಿಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ. ವಿಷಯ ತಿಳಿದ ಕೂಡಲೇ ಎದ್ದವನು ಅವನೇ. ಉಳಿದವರು ಇನ್ನೂ ಹತ್ತು ನಿಮಿಷ ಬಿಟ್ಟು ಎದ್ದರು. ನಾವೆಲ್ಲ ಏರಿ ಹತ್ತುವಷ್ಟರಲ್ಲಿ ಹಕ್ಕಿ ನೆಲಕ್ಕಿಳಿದು, ಸುತ್ತು ಹಾಕಿ, ಮೊಟ್ಟೆಯ ಮೇಲೆ ಕೂತಿತು. ಮರುವಾರ ಹೋದಾಗ ಗುಳಿ ಖಾಲಿಯಿತ್ತು. ಮರಿಯಾಗಿ ನಡೆದುಹೋದವೋ, ನಾಯಿಪಾಲಾದವೋ ತಿಳಿಯಲಿಲ್ಲ. ಇದು ಬರೀ ಒಳ್ಳೆಯತನದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೇ ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ.

ತಪ್ಪು ಬೇರೆಯವರದ್ದು ಮಾತ್ರ ಎಂದರೆ ಸುಳ್ಳಾಗುತ್ತದೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಹಕ್ಕಿಯನ್ನು ಕರೆಸುವುದು ಈಗ ಸಾಮಾನ್ಯವಾಗಿದೆ. ನಾನೂ ಒಮ್ಮೆ ಮಾಡಿದ್ದೇನೆ. ನವರಂಗ ಹಕ್ಕಿ ಗೊತ್ತಲ್ವಾ? ಮಧ್ಯ ಭಾರತ, ಹಿಮಾಲಯದ ತಪ್ಪಲಿನ ಕಡೆಯಿಂದ ರಾತ್ರಿ ಹಾರಿಕೊಂಡು ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ. ಬೆಳಗಿನ ಮಬ್ಬಿನಲ್ಲಿ, ಸಂಜೆ ಕತ್ತಲಾಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಗೆಳೆಯನಿಗೆ ಅದರ ಫೋಟೋ ಬೇಕಿತ್ತು. ಪೊದೆಯ ಹತ್ತಿರ ಕೂಗು ಹಾಕಿದೆ. ಹಕ್ಕಿ ತಕ್ಷಣ ಬಯಲಿಗೆ ಬಂತು. ತನ್ನ ಜಾಗಕ್ಕೆ ಇನ್ನೊಂದು ನವರಂಗ ನುಗ್ಗಿದೆ ಎಂದುಕೊಂಡು ಮೈ ನೆಟ್ಟಗೆ ಮಾಡಿ ನಿಂತು, ಫೋನಿನ ಕಡೆಗೇ ನೋಡುತ್ತ ಕೂಗಿತು. ನಿಲ್ಲಿಸಿದ ಮೇಲೂ ಇಪ್ಪತ್ತು ನಿಮಿಷ ಹುಡುಕಾಡಿತು. ಅಷ್ಟು ಹೊತ್ತೂ ಒಂದು ಎಲೆ ಮಗುಚಲಿಲ್ಲ, ಒಂದು ಹುಳು ತಿನ್ನಲಿಲ್ಲ. ಚಿತ್ರ ಚೆನ್ನಾಗಿ ಬಂತು. ನನಗೆ ಮಾತ್ರ ಅದನ್ನು ಇವತ್ತಿಗೂ ನೋಡಲು ಮನಸ್ಸಾಗುವುದಿಲ್ಲ. ಒಬ್ಬರು ಒಂದು ಸಲ ಮಾಡಿದರೆ ಪರವಾಗಿಲ್ಲವೇನೋ. ಆದರೆ ಜಾಗದ ಹೆಸರು ವಾಟ್ಸಾಪ್ ಗುಂಪಿಗೆ ಬಿದ್ದರೆ ಮರುದಿನ ಹದಿನೈದು ಫೋನ್ ಬರುತ್ತವೆ. ಆ ಹಕ್ಕಿಗೆ ಅದು ದಿನವಿಡೀ ಜಗಳ.

ಫೋಟೋಗಾಗಿಯೇ ಕಟ್ಟಿದ ಮರೆಗಳ ಬಗ್ಗೆಯೂ ಕೇಳುತ್ತಾರೆ. ಉತ್ತರ ಕನ್ನಡದ ಗಣೇಶಗುಡಿಯಂಥ ಕಡೆ ನೀರಿನ ತೊಟ್ಟಿ ಇಟ್ಟು, ಬಂದವರು ಮರೆಯಲ್ಲಿ ಕೂತು ತೆಗೆಯುವ ವ್ಯವಸ್ಥೆ ಇದೆ. ಪಿಕಳಾರ, ನೊಣಹಿಡುಕ, ಹರಟೆಮಲ್ಲಗಳು ತಾವಾಗಿಯೇ ಸ್ನಾನಕ್ಕೆ ಬರುತ್ತವೆ. ಬರೀ ನೀರಾದರೆ ನನಗೆ ತಕರಾರಿಲ್ಲ, ಊರಿನ ನಾಲ್ಕು ಜನಕ್ಕೆ ಕೆಲಸವೂ ಆಗುತ್ತದೆ. ಹುಳು ಇಟ್ಟು ಹಕ್ಕಿಯನ್ನು ಬೇಕಾದ ಕೊಂಬೆಗೆ ಕರೆಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಕ್ಕಿ ನೋಡುವುದನ್ನು ಕಲಿಯಬೇಕೆನ್ನುವವರಿಗೆ ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬನ್ನಿ ಎನ್ನುತ್ತೇನೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಅಲ್ಲಿ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು, ಆದರೆ ಊರಿನವರ ನಂಟು ಅದಕ್ಕಿಂತ ಎಷ್ಟೋ ಹಳೆಯದು. ಹಕ್ಕಿ ಬಂದರೆ ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಎನ್ನುತ್ತಾರೆ. ಹುಣಸೆ ಮರದ ಕೆಳಗೆ ಕೂತ ಅಜ್ಜಿಯನ್ನು ಮಾತಾಡಿಸಿ ನೋಡಿ. ಯಾವ ಕೊಂಬೆಗೆ ಮೊದಲು ಬಂದವು, ಯಾವ ಗೂಡಿನ ಮರಿ ಕೆಳಗೆ ಬಿತ್ತು, ಎಲ್ಲ ಹೇಳುತ್ತಾರೆ. ಅವರ ಹತ್ತಿರ ದುರ್ಬೀನೂ ಇಲ್ಲ.

ಸರಿ, ಈಗ ಅಂಗಡಿಯ ಮಾತು. 8×42 ಎಂದು ಬರೆದಿರುವ ದುರ್ಬೀನು ಕೇಳಿ. 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10 ಪಟ್ಟಿನದು ಇನ್ನೂ ಚೆನ್ನಲ್ವಾ ಎನ್ನಬಹುದು. ಹೊಸಬರ ಕೈ ನಡುಗುವುದೂ ಅದರಲ್ಲಿ ಜಾಸ್ತಿ ಕಾಣುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಡಿಮೆ, ಹಾರುವ ಹಕ್ಕಿ ತಪ್ಪಿಹೋಗುತ್ತದೆ. ಒಳ್ಳೆಯ ಹಕ್ಕಿ ಲೆನ್ಸಿಗೆ ಲಕ್ಷ ದಾಟುತ್ತದೆ. ಅದರ ಸಣ್ಣ ಪಾಲಿನಲ್ಲಿ ಬಹಳ ವರ್ಷ ಬಾಳುವ ದುರ್ಬೀನು ಬರುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಒಳಗೆ ತಿರುಗಿಸಿಕೊಂಡು ನೋಡಿ, ಅಂಗಡಿಯಿಂದ ಹೊರಗೆ ಬಂದು ದೂರದ ಬೋರ್ಡು ಓದಿ ಪರೀಕ್ಷೆ ಮಾಡಿ.

ಇನ್ನೊಂದು ವಿಷಯ. ಕಿವಿಯನ್ನು ಮರೆಯಬೇಡಿ. ಚಳಿಗಾಲದಲ್ಲಿ ಬರುವ ಪುಟ್ಟ ಉಲಿಯಕ್ಕಿಗಳಲ್ಲಿ (ವಾರ್ಬ್ಲರ್) ಕೆಲವನ್ನು ಎಷ್ಟೇ ಒಳ್ಳೆಯ ಫೋಟೋ ಇದ್ದರೂ ಬೇರ್ಪಡಿಸುವುದು ಕಷ್ಟ. ಕೂಗು ಕೇಳಿದರೆ ತಕ್ಷಣ ಗೊತ್ತಾಗುತ್ತದೆ. ಯಾವ ಹಕ್ಕಿ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಲು 2014ರಲ್ಲಿ ಶುರುವಾದ ಮೈಸೂರು ನಗರದ ಹಕ್ಕಿ ಅಟ್ಲಾಸ್‌ಗೆ ಊರನ್ನು ಚೌಕಗಳಾಗಿ ಹಂಚಿಕೊಂಡು ನಡೆದಾಗ, ನನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಮೊದಲು ಕಿವಿಗೇ ಸಿಕ್ಕವು.

ಆಗಲೇ ಕ್ಯಾಮೆರಾ ತಗೊಂಡುಬಿಟ್ಟಿದ್ದೀರಾ? ಪರವಾಗಿಲ್ಲ. ಹಕ್ಕಿ ಕಂಡ ಮೊದಲ ಹತ್ತು ನಿಮಿಷ ಅದನ್ನು ಎತ್ತಬೇಡಿ, ಸುಮ್ನೆ ನೋಡಿ. ಹಕ್ಕಿ ಮೇಯುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದು ಅರ್ಥ, ಎರಡು ಹೆಜ್ಜೆ ಹಿಂದೆ ಹೋಗಿ. ಗೂಡು ಕಂಡರೆ ಯಾರಿಗೂ ಹೇಳದೆ ಬಂದುಬಿಡಿ. ಗೂಬೆ ಹಗಲು ಮಲಗುವ ಮರ ಗೊತ್ತಾದರೂ ಅಷ್ಟೇ. ಚಿತ್ರ ಹಾಕುವಾಗ ಊರಿನ ಹೆಸರು ಸಾಕು, ಮರದ ಗುರುತು ಬೇಡ.

ಮೈಸೂರಿನಲ್ಲಿರುವವರು ಕೊಳ್ಳುವ ಮೊದಲು ನನ್ನ ಹಳೆಯ ದುರ್ಬೀನನ್ನು ಎರವಲು ತಗೊಂಡು ಹೋಗಬಹುದು. ಭಾನುವಾರ ಬೆಳಿಗ್ಗೆ ಏರಿಯ ಮೇಲೇ ಇರುತ್ತೇನೆ. ಬಲಗಣ್ಣಿಗೆ ನೋಟ ಹೊಂದಿಸುವ ಬಳೆ ಸ್ವಲ್ಪ ಬಿಗಿ, ಜೋರು ಮಾಡದೆ ನಿಧಾನವಾಗಿ ತಿರುಗಿಸಿ. ಪಟ್ಟಿ ಕೊರಳಿಗೆ ಹಾಕಿಕೊಂಡೇ ನೋಡಿ.