ಕಾರ್ಡು ಹೋಗ್ಯದ ಅಂದುಬಿಟ್ಟೆ

ಆ ಹುಡುಗ ಮೊದಲ ಸಲ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದದ್ದು ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಶಹಾಬಾದಿನಿಂದ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಕಲಬುರಗಿಯಲ್ಲಿ ಆ ವಾರ 43 ಡಿಗ್ರಿ ಬಿಸಿಲು. ಸೂಪರ್ ಮಾರ್ಕೆಟ್ ಕಡೆ ಮಧ್ಯಾಹ್ನ ಜನ ಅಂಗಡಿಯ ನೆರಳು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ.

"ಅಣ್ಣಾ, ಗೇಮ್ ಆಡೋ ಮುಂದ ಸ್ಕ್ರೀನ್ ಒಮ್ಮೆಲೆ ಕರ್ರಗ ಆಗ್ತದ. ಆವಾಜ್ ಬರ್ತಾನೇ ಇರ್ತದ. ಕಾರ್ಡಿನ ಫ್ಯಾನ್ ಜೋರಾಗಿ ಒದರ್ತದ. ಬಟನ್ ಒತ್ತಿ ಬಂದ್ ಮಾಡೋತನಕ ಏನೂ ಆಗಂಗಿಲ್ಲ" ಅಂದ.

ಆ ಮಾತಿನಲ್ಲೇ ಮುಕ್ಕಾಲು ಉತ್ತರ ಇತ್ತು. ನಾನು ಕೇಳಿಸಿಕೊಂಡೆ, ಆದರೆ ಅದರ ಮೇಲೆ ವಿಚಾರ ಮಾಡಲಿಲ್ಲ.

ಕಾರ್ಡು ಅಂದರೆ ಗ್ರಾಫಿಕ್ಸ್ ಕಾರ್ಡು, ಆರ್‌ಟಿಎಕ್ಸ್ 3060, 12 ಜಿಬಿಯದು. ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ತಗಡುಗಳ ನಡುವೆ ಬೂದುಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಅವರ ತಂದೆಯದು ಪರಸಿ ಪಾಲಿಶ್ ಮಾಡುವ ಮಷೀನು, ಮನೆಗೆ ಹತ್ತಿದ ಶೆಡ್ಡಿನಲ್ಲೇ. ಶಹಾಬಾದಿನ ಕಲ್ಲಿನ ಪುಡಿ ಊರಿನ ಉಳಿದ ಧೂಳಿನ ಹಾಗಲ್ಲ. ಕೂಲರಿನ ಹಸಿ ಗಾಳಿ ತಾಗಿದರೆ ಅಂಟಿಕೊಂಡು, ಒಣಗಿದ ಮೇಲೆ ಸುಣ್ಣದಂತೆ ಹಿಡಿಯುತ್ತದೆ. ಬ್ಲೋವರಿಗೆ ಅದು ಹೋಗುವುದಿಲ್ಲ, ಬ್ರಷ್ಷೇ ಬೇಕು. ಸ್ವಚ್ಛ ಮಾಡಿ, ಪೇಸ್ಟ್ ಬದಲಿಸಿ, ಕಾರ್ಡನ್ನು ನಮ್ಮ ಬೆಂಚಿನ ಮಷೀನಿಗೆ ಹಾಕಿ ಎರಡು ತಾಸು, ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಓಡಿಸಿದೆ. ಮೊದಲು 84 ಡಿಗ್ರಿಗೆ ಏರುತ್ತಿದ್ದ ಕಾರ್ಡು 71ಕ್ಕೆ ನಿಂತಿತು. ಕಾಯಿಲೆ ಸಿಕ್ಕಿತು ಅಂದುಕೊಂಡು ವಾಪಸ್ ಜೋಡಿಸಿ ಕೊಟ್ಟೆ.

ಎಂಟನೇ ದಿನಕ್ಕೆ ಹುಡುಗ ಮತ್ತೆ ಬಂದ. ಈ ಸಲ ವಿಂಡೋಸಿನ ತಪ್ಪುಗಳ ಲಾಗು ತೋರಿಸುವ ಇವೆಂಟ್ ವ್ಯೂವರ್ ತೆಗೆದು ನೋಡಿದೆ. ಕ್ರ್ಯಾಶ್ ಆದ ಹೊತ್ತಿಗೆ ಸರಿಯಾಗಿ ಡಿಸ್‌ಪ್ಲೇ ಡ್ರೈವರಿನ (ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನ) ಹೆಸರಿನಲ್ಲಿ ಕೆಂಪು ಗುರುತುಗಳು. ಡ್ರೈವರ್ ಅಂತ ಬರೆದದ್ದೇ ತಡ, ತಪ್ಪು ಡ್ರೈವರಿನದೇ ಅಂತ ಹಿಡಿದೆ. ಸೇಫ್ ಮೋಡಿಗೆ ಹೋಗಿ ಡಿಡಿಯು ಅನ್ನುವ ಟೂಲ್ ಹಾಕಿ ಹಳೆಯದನ್ನು ಬೇರುಸಮೇತ ಕಿತ್ತು, ಹೊಸದನ್ನು ಕೂರಿಸಿದೆ. ಇಡೀ ಕ್ಯಾಬಿನೆಟ್ಟನ್ನೇ ಮೇಜಿನ ಮೇಲಿಟ್ಟು ಗೇಮ್ ಆಡಿಸಿದೆ. ಏನೂ ಆಗಲಿಲ್ಲ.

ಈ ಡ್ರೈವರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಹಾಗೆ ಎಡವುವವರು ಬಹಳ. ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು ಉತ್ತರಕ್ಕೆ ಕಾಯುತ್ತದೆ. ಸಾಮಾನ್ಯವಾಗಿ ಎರಡು ಸೆಕೆಂಡು. ಅಷ್ಟರೊಳಗೆ ಉತ್ತರ ಬರದಿದ್ದರೆ ಕಾರ್ಡು ಸಿಕ್ಕಿಹಾಕಿಕೊಂಡಿದೆ ಅಂತ ತಿಳಿದು ಡ್ರೈವರನ್ನು ಹೊಸದಾಗಿ ಶುರು ಮಾಡಲು ನೋಡುತ್ತದೆ. ಇದಕ್ಕೆ ಟಿಡಿಆರ್ ಅನ್ನುತ್ತಾರೆ, ವಿಸ್ತಾ ಕಾಲದಿಂದ ಇದೆ. ಶುರುವಾದರೆ ಲಾಗಿನಲ್ಲಿ 4101 ಅಂತ ಬೀಳುತ್ತದೆ, ಆಗದೇ ಹೋದರೆ 0x116 ಅನ್ನುವ ಬ್ಲೂ ಸ್ಕ್ರೀನು. ಅಂದರೆ ಕಾರ್ಡು ಮಾತು ನಿಲ್ಲಿಸಿತು ಅನ್ನುವ ಸುದ್ದಿಯನ್ನು ಡ್ರೈವರ್ ತರುತ್ತದೆ, ಅಷ್ಟೇ. ಯಾಕೆ ನಿಲ್ಲಿಸಿತು ಅನ್ನುವುದು ಅದಕ್ಕೂ ಗೊತ್ತಿರುವುದಿಲ್ಲ. ಬಿಸಿಯಾಗಿರಬಹುದು, ಕಾರ್ಡಿನ ಮೆಮೊರಿ ಕೆಟ್ಟಿರಬಹುದು, ಓವರ್‌ಕ್ಲಾಕ್ (ನಿಗದಿಗಿಂತ ವೇಗವಾಗಿ ಓಡಿಸುವುದು) ಜಾಸ್ತಿಯಾಗಿರಬಹುದು, ಕರೆಂಟೇ ಸಾಲದೆ ಬಿದ್ದಿರಬಹುದು. ರಿಜಿಸ್ಟ್ರಿಯಲ್ಲಿ ಎರಡು ಸೆಕೆಂಡನ್ನು ಎಂಟೋ ಹತ್ತೋ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಗೇಮ್ ಆಡುವವರ ಮಷೀನಿನಲ್ಲಿ ನಾನು ಅದನ್ನು ಮಾಡುವುದಿಲ್ಲ. ಕಾರ್ಡು ಸತ್ತ ಮೇಲೂ ಆರು ಸೆಕೆಂಡು ಹೆಚ್ಚಿಗೆ ಕಾಯುವುದರಿಂದ ಅದು ಎದ್ದು ಬರುವುದಿಲ್ಲ.

ಮೂರನೇ ಸಲ ಹುಡುಗನ ಜೊತೆ ಅವರ ತಂದೆಯೂ ಬಂದರು. ಅಂದು ಸಂಜೆ, ನಾಲ್ಕು ತಾಸು ಓಡಿಸಿದ ಮೇಲೆ, ನಮ್ಮ ಅಂಗಡಿಯಲ್ಲೂ ಒಂದು ಸಲ ಸ್ಕ್ರೀನ್ ಕಪ್ಪಾಯಿತು. ಕಣ್ಣಾರೆ ಕಂಡದ್ದರಿಂದ ನನಗೆ ಧೈರ್ಯ ಬಂತು. ಬದಿಯಲ್ಲೇ ಬೇರೆ ಎಸ್‌ಎಂಪಿಎಸ್ (ಇಡೀ ಮಷೀನಿಗೆ ಕರೆಂಟ್ ಕೊಡುವ ಡಬ್ಬಿ) ಬಿದ್ದಿತ್ತು. ಅದನ್ನು ಹಾಕಿ ನೋಡುವುದು ಹತ್ತು ನಿಮಿಷದ ಕೆಲಸ. ಸರದಿಯಲ್ಲಿ ಹನ್ನೊಂದು ಮಷೀನು ಕಾಯುತ್ತಿದ್ದವು. "ಕಾಕಾ, ಕಾರ್ಡ್ ಹೋಗ್ಯದ. ಬದಲ್ ಮಾಡಬೇಕಾಗ್ತದ" ಅಂದುಬಿಟ್ಟೆ.

"ತಮ್ಮಾ, ನೀ ಹೇಳಿದ ಮ್ಯಾಲ ಆಯ್ತು. ನಮಗ ಇದರಾಗ ಏನ್ ತಿಳೀತದ" ಅಂದರು. 27 ಸಾವಿರ ಎಣಿಸಿ ಕೊಟ್ಟು ಹೊಸ ಕಾರ್ಡು ಹಾಕಿಸಿಕೊಂಡು ಹೋದರು. ಹಳೆಯದು ಅಂಗಡಿಯಲ್ಲೇ ಉಳಿಯಿತು.

ನಾಲ್ಕನೇ ದಿನ ಹುಡುಗನ ಫೋನ್ ಬಂತು. "ಅಣ್ಣಾ, ಹೊಸಾದೂ ಹಂಗೇ ಮಾಡ್ಲಕತ್ತದ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಮಾಲಕರಿಗೆ ಹೇಳಿ, ಹಳೇ ಕಾರ್ಡು, 650 ವ್ಯಾಟಿನ ಒಂದು ಎಸ್‌ಎಂಪಿಎಸ್, ಮಲ್ಟಿಮೀಟರ್ ಚೀಲಕ್ಕೆ ಹಾಕಿಕೊಂಡು ಶಹಾಬಾದಿಗೆ ಹೋದೆ.

ಮಷೀನು ಇದ್ದ ಜಾಗ ನೋಡಿದ ಕೂಡಲೇ ತಲೆಗೆ ಹೊಳೆಯಿತು. ಕಲ್ಲಿನ ಪುಡಿ ಬೀಳಬಾರದು ಅಂತ ತಂದೆ ಕಾಳಜಿಯಿಂದ ಮೇಜಿನ ಕೆಳಗೆ ಕಟ್ಟಿಗೆಯ ಗೂಡು ಮಾಡಿಸಿ ಬಾಗಿಲು ಇಡಿಸಿದ್ದರು. ಕ್ಯಾಬಿನೆಟ್ ಅದರೊಳಗೆ. ಮೇಲೆ ಪತ್ರಾಸಿನ ಮನೆ. ನಮ್ಮ ಅಂಗಡಿಯಲ್ಲಿ ಎಸಿ ಇದೆ, ಕ್ಯಾಬಿನೆಟ್ಟಿನ ಬದಿ ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡುತ್ತೇವೆ. ಅಲ್ಲಿ 26 ಡಿಗ್ರಿಯಲ್ಲಿ ಪಾಸಾದ ಮಷೀನು ಇಲ್ಲಿ ಬಾಗಿಲು ಹಾಕಿದ ಗೂಡಿನಲ್ಲಿ, ಸುತ್ತಲಿನ ಗಾಳಿಯೇ 50 ಡಿಗ್ರಿ ಮುಟ್ಟುವಲ್ಲಿ ಓಡುತ್ತಿತ್ತು. ಎಸ್‌ಎಂಪಿಎಸ್ಸಿನ ಮೇಲೆ 450 ವ್ಯಾಟ್ ಅಂತ ಬರೆದಿತ್ತು. ಅಗ್ಗದವುಗಳಲ್ಲಿ ಆ ಅಂಕಿ 25 ಡಿಗ್ರಿಯಲ್ಲಿ ಅಳೆದದ್ದಾಗಿರುತ್ತದೆ. ಒಳ್ಳೆಯವನ್ನು 40ರಲ್ಲೋ 50ರಲ್ಲೋ ಅಳೆದು ಬರೆಯುತ್ತಾರೆ. ನಮ್ಮ ಭಾಗದ ಬೇಸಿಗೆಗೆ ಡಬ್ಬಿಯ ಮೇಲಿನ ವ್ಯಾಟಿಗಿಂತ ಅದರ ಬದಿಯ ಡಿಗ್ರಿ ಮುಖ್ಯ ಅನ್ನುವುದು ನನಗೆ ಆ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗಲೇ ಮನಸ್ಸಿಗೆ ಇಳಿದದ್ದು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದು. ಆ ಎಸ್‌ಎಂಪಿಎಸ್ಸಿಗೆ ಕಾರ್ಡಿನ ಎಂಟು ಪಿನ್ನಿನ ವಾಯರೇ ಇರಲಿಲ್ಲ. ಕಾರ್ಡನ್ನು ಆಮೇಲೆ ಹಾಕಿಸಿದವರು ಮೊಲೆಕ್ಸ್ ಅನ್ನುವ ಹಳೇ ನಾಲ್ಕು ಪಿನ್ನಿನ ಕನೆಕ್ಟರಿನಿಂದ ಎಂಟು ಪಿನ್ನಿಗೆ ತಿರುಗಿಸುವ ಕನ್ವರ್ಟರ್ ಸಿಕ್ಕಿಸಿ ಕೊಟ್ಟಿದ್ದರು. ಅದರ ಎರಡೂ ಮೊಲೆಕ್ಸು ಒಂದೇ ವಾಯರಿನ ಸಾಲಿಗೆ ಹೋಗಿದ್ದವು. 3060 ಪೂರ್ತಿ ಜೋರಿನಲ್ಲಿ 170 ವ್ಯಾಟ್ ಎಳೆಯುತ್ತದೆ. ಮದರ್‌ಬೋರ್ಡಿನ ಸ್ಲಾಟು ಹೆಚ್ಚೆಂದರೆ 75 ಕೊಡಬಲ್ಲದು, ಅಷ್ಟನ್ನೂ ಕಾರ್ಡುಗಳು ಅಲ್ಲಿಂದ ತೆಗೆದುಕೊಳ್ಳುವುದಿಲ್ಲ. ಉಳಿದ ನೂರು, ನೂರಿಪ್ಪತ್ತು ವ್ಯಾಟು ಎಂಟು ಪಿನ್ನಿನ ದಾರಿಯಿಂದಲೇ ಬರಬೇಕು. 12 ವೋಲ್ಟಿನಲ್ಲಿ 120 ವ್ಯಾಟ್ ಅಂದರೆ 10 ಆಂಪಿಯರ್. ಅಷ್ಟೂ ಒಂದು ಹಳದಿ ವಾಯರಿನ ಮೇಲೆ, ಒಂದು ಸಡಿಲು ಪಿನ್ನಿನ ಮೂಲಕ. ಕಿತ್ತು ನೋಡಿದರೆ ಮೊಲೆಕ್ಸಿನ ಬಿಳಿ ಪ್ಲಾಸ್ಟಿಕ್ಕು ಹಳದಿ ಪಿನ್ನಿನ ಸುತ್ತ ಕಂದಾಗಿ, ಮೆತ್ತಗಾಗಿತ್ತು.

ಆ ಕನ್ವರ್ಟರನ್ನು ನಾನು ನನ್ನ ಕೈಯಾರೆ ಬಿಚ್ಚಿ ಕನಿಷ್ಠ ಮೂರು ಸಲ ವಾಪಸ್ ಸಿಕ್ಕಿಸಿದ್ದೆ. ಕಣ್ಣು ಕಾರ್ಡಿನ ಮೇಲೆಯೇ ಇತ್ತು.

ಈಗ ಒಂದೊಂದೇ ಬದಲಿಸುತ್ತಾ ಹೋದೆ, ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡೆ. ಹೊಸ ಕಾರ್ಡು, ಹಳೇ ಎಸ್‌ಎಂಪಿಎಸ್: ಹನ್ನೆರಡು ನಿಮಿಷಕ್ಕೆ ಕಪ್ಪು. ಹಳೇ ಕಾರ್ಡು, ಹಳೇ ಎಸ್‌ಎಂಪಿಎಸ್: ಹದಿನಾಲ್ಕು ನಿಮಿಷ. ಎಚ್‌ಡಬ್ಲ್ಯುಇನ್ಫೋದಲ್ಲಿ (ಬಿಸಿ, ವೋಲ್ಟು ತೋರಿಸುವ ಸಾಫ್ಟ್‌ವೇರ್) ಲಾಗ್ ಹಚ್ಚಿ ಕೊನೆಯ ಸಾಲುಗಳನ್ನು ನೋಡಿದೆ. ಕಾರ್ಡಿನ ಬಿಸಿ 76, ಏನೂ ಕೆಟ್ಟದ್ದಲ್ಲ. ಆದರೆ ಎಂಟು ಪಿನ್ನಿನ ವೋಲ್ಟಿನ ಸಾಲು ಗೇಮ್ ಶುರುವಾಗುವ ಮುಂಚೆ 12.0, ಕಪ್ಪಾಗುವ ಹೊತ್ತಿಗೆ 11.2. ಎಸ್‌ಎಂಪಿಎಸ್ಸುಗಳ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟು ಐದು ಶೇಕಡಾ ಮೇಲೆ ಕೆಳಗೆ ಆಗಬಹುದು, ಅಂದರೆ 11.4ಕ್ಕಿಂತ ಇಳಿಯಬಾರದು. ಮಲ್ಟಿಮೀಟರಿನ ಕಡ್ಡಿ ಹಿಂದಿನಿಂದ ಚುಚ್ಚಿ ಹಿಡಿದಾಗಲೂ ಹೆಚ್ಚು ಕಡಿಮೆ ಅದೇ ಬಂತು. ಅಂಗಡಿಯಲ್ಲೂ ಇದೇ ಲಾಗ್ ಹಚ್ಚಿದ್ದೆ. ಆಗ ಬಿಸಿಯ ಸಾಲನ್ನಷ್ಟೇ ನೋಡಿ ಮುಚ್ಚಿದ್ದೆ.

ಹಳೇ ಕಾರ್ಡಿಗೆ ನಾನು ತಂದ ಎಸ್‌ಎಂಪಿಎಸ್ ಹಾಕಿ, ಅದರ ಸ್ವಂತ ಎಂಟು ಪಿನ್ನಿನ ವಾಯರ್ ಕೊಟ್ಟು, ಬೇಕಂತಲೇ ಅದೇ ಗೂಡಿನಲ್ಲಿಟ್ಟು ಬಾಗಿಲು ಹಾಕಿದೆ. ಮೂರು ತಾಸು ಹುಡುಗ ಆಡಿದ. ವೋಲ್ಟು 11.9ರ ಕೆಳಗೆ ಬರಲಿಲ್ಲ. ಆಮೇಲೆ ಬಾಗಿಲು ಕಳಚಿ, ಕ್ಯಾಬಿನೆಟ್ಟನ್ನು ಶೆಡ್ಡಿನ ಕಡೆಯ ಕಿಟಕಿಯಿಂದ ದೂರ, ಒಳಗೋಣೆಯಲ್ಲಿ ನೆಲದಿಂದ ಎರಡು ಅಡಿ ಮೇಲೆ ಇಡಿಸಿದೆ.

ತಂದೆ ಬಾಗಿಲಲ್ಲಿ ನಿಂತು ಎಲ್ಲಾ ನೋಡುತ್ತಿದ್ದರು. "ಹಂಗಾದ್ರ ಹಳೇ ಕಾರ್ಡ್ ಛಲೋನೇ ಇತ್ತೇನ್ ತಮ್ಮಾ?"

"ಹೌದ್ರಿ ಕಾಕಾ. ತಪ್ಪು ನಂದದ." ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಬೈಯಲಿಲ್ಲ. ಒಳಗೆ ಹೋಗಿ ಚಹಾ ಹೇಳಿದರು.

ಹೊಸ ಕಾರ್ಡನ್ನು ವಾಪಸ್ ತಂದೆವು. ಡಬ್ಬಿ ಒಡೆದದ್ದರಿಂದ ಅದು ಇನ್ನೊಬ್ಬರಿಗೆ 24 ಸಾವಿರಕ್ಕೆ ಹೋಯಿತು. ಕಾಕಾನಿಗೆ ಪೂರ್ತಿ 27 ಕೊಟ್ಟೆವು. ನಡುವಿನ 3 ಸಾವಿರದಲ್ಲಿ ಅರ್ಧ ಮಾಲಕರು ಹಿಡಿದರು, ಅರ್ಧ ನಾನು. ಎಸ್‌ಎಂಪಿಎಸ್ಸಿನ ದುಡ್ಡು ಮಾತ್ರ ಅವರಿಂದ ತೆಗೆದುಕೊಂಡೆವು.

ಈಗ ಕ್ರ್ಯಾಶ್ ಅಂತ ಯಾರೇ ಬಂದರೂ ಮಷೀನಿಗೆ ಕೈ ಹಚ್ಚುವ ಮುಂಚೆ ಕೂರಿಸಿ ಕೇಳುತ್ತೇನೆ. ಗೇಮ್ ಒಂದೇ ಮುಚ್ಚಿ ಡೆಸ್ಕ್‌ಟಾಪಿಗೆ ಬರುತ್ತದೋ? ಹಾಗಿದ್ದರೆ ಮೊದಲು ಗೇಮಿನ ಫೈಲು, ಡ್ರೈವರ್, ರ್‍ಯಾಮಿನ ಎಕ್ಸ್‌ಎಂಪಿ (ವೇಗ ಹೆಚ್ಚಿಸುವ ಸೆಟ್ಟಿಂಗ್) ನೋಡುತ್ತೇನೆ. ರ್‍ಯಾಮ್ ಓವರ್‌ಕ್ಲಾಕಿನ ತಪ್ಪು ಎಷ್ಟೋ ಸಲ ಕಾರ್ಡಿನ ತಲೆಗೆ ಬರುತ್ತದೆ. ಬಣ್ಣಬಣ್ಣದ ಚೌಕ, ಗೆರೆ ಕಾಣುತ್ತವೋ? ಆಗ ಕಾರ್ಡಿನ ಮೆಮೊರಿಯ ಮೇಲೆ ಅನುಮಾನ. ಕಪ್ಪಾಗಿ ಫ್ಯಾನ್ ಒದರಿ ಆವಾಜು ಉಳಿಯುತ್ತದೋ? ಆಗ ಕಾರ್ಡಿಗೆ ಹೋಗುವ ಕರೆಂಟಿನ ದಾರಿ. ಕರೆಂಟ್ ಹೋದ ಹಾಗೆ ಇಡೀ ಮಷೀನೇ ಬಂದ್ ಆಗಿ ಮತ್ತೆ ಶುರುವಾದರೆ, ಲಾಗಿನಲ್ಲಿ ಕರ್ನಲ್ ಪವರ್ 41 ಅನ್ನುವ ಗುರುತು ಒಂದೇ ಬಿದ್ದಿದ್ದರೆ, ಎಸ್‌ಎಂಪಿಎಸ್ಸು ಇಲ್ಲವೇ ಮನೆಯ ಲೈನು.

ಮನೆಯ ಲೈನಿನ ಮಾತು ನಮ್ಮ ಕಡೆ ಸಣ್ಣದಲ್ಲ. ಎಷ್ಟೋ ಹಳೇ ಮನೆಗಳ ಬೋರ್ಡಿನಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ಅರ್ಥಿಂಗ್ ವಾಯರೇ ಇರುವುದಿಲ್ಲ. ಇದ್ದರೂ ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಗುಂಡಿ ಒಣಗಿರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಮೊದಲು ಎಲೆಕ್ಟ್ರಿಶಿಯನ್ನನ್ನು ಕರೆಸಿ ಗುಂಡಿಗೆ ನೀರು ಹಾಕಿಸಿ, ಆಮೇಲೆ ನನ್ನ ಹತ್ತಿರ ಬರ್ರಿ ಅನ್ನುತ್ತೇನೆ. ಕೂಲರನ್ನೂ ಕಂಪ್ಯೂಟರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವವರು ಇನ್ನೂ ಬಹಳ ಇದ್ದಾರೆ. ಕೂಲರ್ ಮೋಟರು ಶುರುವಾಗುವಾಗ ಬಲ್ಬು ಮಂದವಾದರೆ ಕಂಪ್ಯೂಟರಿಗೆ ಬೇರೆ ಬೋರ್ಡು ಕೊಡಿಸಲೇಬೇಕು.

ಹೋದ ವಾರ ಆಳಂದದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅದೇ ಕಪ್ಪು ಸ್ಕ್ರೀನು, ಅದೇ ಫ್ಯಾನಿನ ಆವಾಜು. ಕಾರ್ಡ್ ಮಾರಿಬಿಡಲಿ ಏನು ಅಂತ ಕೇಳಿದ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡು, ಕಾರ್ಡು ಎಳೆಯುವ ಕರೆಂಟಿನ ಪವರ್ ಲಿಮಿಟ್ಟನ್ನು 70 ಶೇಕಡಾಕ್ಕೆ ಇಳಿಸಿ ಆಡು, ಬೇರೆ ಏನೂ ಮುಟ್ಟಬ್ಯಾಡ ಅಂದೆ. ರಾತ್ರಿ ಹತ್ತಕ್ಕೆ ಮತ್ತೆ ಫೋನ್ ಬಂತು. "ಅಣ್ಣಾ, ಎರಡ್ ತಾಸ್ ಆಯ್ತು, ಒಮ್ಮೆನೂ ಬಂದ್ ಆಗಿಲ್ಲ." ಬಿಸಿ ಎಷ್ಟು ಬರ್ತಿತ್ತು ಮೊದಲು ಅಂತ ಕೇಳಿದೆ. ಎಪ್ಪತ್ತರ ಹತ್ತಿರ ಅಂದ. ವಾಯರಿನ ಫೋಟೋ ಕಳಿಸು ಅಂದೆ. ಕಳಿಸಿದ. ಬಿಳಿ ಮೊಲೆಕ್ಸು ಎರಡು, ಅದರ ತುದಿಗೆ ಎಂಟು ಪಿನ್ನು.

"ಕಾರ್ಡ್ ಮಾರಬ್ಯಾಡ. ಬರೋ ಮುಂದ ಎಸ್‌ಎಂಪಿಎಸ್ ಒಂದೇ ಬಿಚ್ಚಕೊಂಡು ಬಾ" ಅಂದೆ.