ಪೈಪು ಅಗ್ಗ, ರಸ್ತೆ ತುಟ್ಟಿ

ಹೋದ ತಿಂಗಳು ಧಾರವಾಡ ಜಿಲ್ಲೆಯ ನಮ್ಮೂರಿಂದ ಸೋದರಮಾವ ಫೋನ್ ಮಾಡಿದ್ದರು. "ಊರಾಗ ನೀರಿನ ಪೈಪ್ ಬದಲಿ ಮಾಡ್ತಾರಂತ. ಕೋಟಿಗಟ್ಲೆ ಎಸ್ಟಿಮೇಟ್ ಹಾಕ್ಯಾರ. ಪೈಪಿಗೆ ಅಷ್ಟ ರೊಕ್ಕ ಹತ್ತತೈತೇನು? ಪುಣೇದಾಗ ನೀ ಅದ ಉದ್ಯೋಗ ಮಾಡ್ತಿ, ಹೇಳು ನೋಡೋಣು."

ಅರ್ಧ ತಾಸು ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಈ ಬರಹ.

ನಾನಿರುವುದು ಪುಣೆಯ ಸಿಂಹಗಡ ರಸ್ತೆಯಲ್ಲಿ. ಸಣ್ಣ ಊರುಗಳ ನಗರ ಪರಿಷತ್ತಿಗೆ ನೀರಿನ ಯೋಜನೆಯ ಡಿಪಿಆರ್ (ನಕ್ಷೆ, ಲೆಕ್ಕ, ಎಸ್ಟಿಮೇಟ್ ಎಲ್ಲ ಇರುವ ಪೂರ್ಣ ವರದಿ) ಮಾಡಿಕೊಡುವ ಆಫೀಸಿನಲ್ಲಿ ಕೆಲಸ. ಈಗ ಕೈಯಲ್ಲಿರುವುದು ಪುಣೆ ಹತ್ತಿರದ ಸಾಸವಡದ ಆಚೆ, ಪಂಢರಪುರ ಯಾತ್ರೆಯ ಪಾಲಖಿ ಹೋಗುವ ದಾರಿಯಲ್ಲಿರುವ ಒಂದು ಊರು. ಹೆಸರು ಬೇಡ.

ಕಾಗದದ ಮೇಲಿನ ಲೆಕ್ಕ ಸುಲಭ. 30 ವರ್ಷದ ನಂತರ ಊರಲ್ಲಿ 25,000 ಜನ ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್, ಮೇಲೆ ಸೋರಿಕೆಗೆ ಶೇ. 15. ಹತ್ತಿರಹತ್ತಿರ 39 ಲಕ್ಷ ಲೀಟರ್ ಆಯಿತು. ಪೈಪಿನ ವ್ಯಾಸದಲ್ಲಿ ಜಿಪುಣತನ ಮಾಡಬಾರದು. 100 ಮಿ.ಮೀ. ಬದಲು 150 ಹಾಕಿದರೆ ಅದೇ ಒತ್ತಡದಲ್ಲಿ ಸುಮಾರು ಮೂರು ಪಟ್ಟು ನೀರು ಹರಿಯುತ್ತದೆ, ಅಗೆಯುವ ತಗ್ಗು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಇದನ್ನು ಒಬ್ಬ ನಗರಸೇವಕರಿಗೆ (ಪರಿಷತ್ತಿನ ಸದಸ್ಯರಿಗೆ) ಒಪ್ಪಿಸಲು ನನಗೆ ಎರಡು ಮೀಟಿಂಗ್ ಬೇಕಾದವು.

ಕಷ್ಟ ಶುರುವಾಗುವುದು ತಗ್ಗು ತೆಗೆದ ಮೇಲೆ. ಪರಿಷತ್ತು ಕೊಟ್ಟ ನಕಾಶೆಯ ಪ್ರಕಾರ ಮುಖ್ಯ ವಾಲ್ವ್ ಕಿರಾಣಿ ಅಂಗಡಿಯ ಮುಂದಿತ್ತು. ಅಲ್ಲಿ ಅಗೆದರೆ ಬರೀ ಮಣ್ಣು. ಕೊನೆಗೆ ಊರಿಗೆ ನೀರು ಬಿಡುವ ಅಜ್ಜ ಬಂದ. ಕೈಯಲ್ಲಿದ್ದ ಉದ್ದನೆಯ ಚಾವಿಯನ್ನು ಚಹಾ ಗಾಡಿಯ ಪಕ್ಕ ಕುಟ್ಟಿ "ಇಥೇ" (ಇಲ್ಲೇ) ಅಂದ. ಒಂದರ ಮೇಲೊಂದು ಹಾಕಿದ ಮೂರು ಪದರ ಕಾಂಕ್ರೀಟು ಒಡೆದ ಮೇಲೆ ವಾಲ್ವ್ ಸಿಕ್ಕಿತು. ನಮ್ಮ ಸರ್ವೇ ಯಂತ್ರಕ್ಕೆ ದಿನದ ಬಾಡಿಗೆ ಇದೆ, ಅಜ್ಜನಿಗೆ ಒಂದು ಕಟಿಂಗ್ ಚಹಾ.

ಕೆಳಗಿದ್ದದ್ದು ಹಳೆಯ ಸಿಮೆಂಟ್ ಪೈಪು, ಕಲ್ನಾರು ಬೆರೆಸಿದ್ದು. ಬಳೆ ಕತ್ತರಿಸಿದ ಹಾಗೆ ದುಂಡಗೆ ಸೀಳಿತ್ತು. ನಮ್ಮ ಕಡೆಯಂಥದೇ ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬಾಗಲಾರದ ಪೈಪು ಮುರಿಯುತ್ತದೆ. ಅದನ್ನು ಕಿತ್ತು ತೆಗೆಯುವ ಹಾಗೂ ಇಲ್ಲ. ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಹಾಗಾಗಿ ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸ ತಗ್ಗು. ಎರಡು ಅಡಿ ಕೆಳಗೆ ಕರಿಬಂಡೆ. ಬ್ರೇಕರ್ ಹಚ್ಚಿ ಇಡೀ ದಿನ ಒಡೆದರೂ ಆಗಿದ್ದು ಕೆಲವೇ ಮೀಟರ್.

ಮಾಮಾ, ರೊಕ್ಕ ಹೋಗುವುದು ಇಲ್ಲಿ. ಬಂಡೆ ಒಡೆಯಲು, ಪೈಪಿನಡಿ ಉಸುಕು ಹಾಸಲು, ರಸ್ತೆ ಮತ್ತೆ ಮಾಡಿಕೊಡಲು, ಮನೆಮನೆಗೆ ನಳ ಬದಲಿಸಲು. ಹೊಸದನ್ನು ಪರೀಕ್ಷೆ ಮಾಡಿ ಮುಗಿಸುವ ತನಕ ಹಳೆ ಲೈನಿನಲ್ಲಿ ನೀರು ನಿಲ್ಲಿಸುವಂತಿಲ್ಲ, ಹಾಗಾಗಿ ಅದಕ್ಕೆ ತೇಪೆ ಹಾಕುತ್ತಿರುವ ಖರ್ಚೂ ಇದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡಿಗೆ ದಿನದ 24 ತಾಸೂ ನೀರು ಬಂತಲ್ಲ, ಅದೂ ಹಳೇ ಪೈಪು ರಿಪೇರಿ ಮಾಡಿ ಬಂದದ್ದಲ್ಲ, ಜಾಲವನ್ನೇ ಹೊಸದಾಗಿ ಹಾಸಿ.

ಇನ್ನು ಪರವಾನಗಿ. ಮೊದಲು ಪರಿಷತ್ತಿನ ಠರಾವು (ಮರಾಠಿಯಲ್ಲೂ ನಮ್ಮ ಕಡೆಯದೇ ಶಬ್ದ, ನನಗೆ ಡಿಕ್ಷನರಿ ಬೇಕಾಗಲಿಲ್ಲ). ಆಮೇಲೆ ರಾಜ್ಯದ ನೀರು ಸರಬರಾಜು ಸಂಸ್ಥೆಯಾದ ಮಹಾರಾಷ್ಟ್ರ ಜೀವನ ಪ್ರಾಧಿಕರಣದ ತಾಂತ್ರಿಕ ಮಂಜೂರಿ. ನಗರಗಳ ನೀರಿಗೆಂದು ಕೇಂದ್ರ ಮಾಡಿದ ಅಮೃತ್ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಕೇಂದ್ರದ ಪಾಲು ಅರ್ಧ, ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕು. ಹೆದ್ದಾರಿ ಅಡ್ಡ ಬಂದರೆ ಬ್ಯಾಂಕ್ ಗ್ಯಾರಂಟಿ. ರೈಲು ಹಳಿ ಅಡ್ಡ ಬಂದರೆ ನೀರಿನ ಪೈಪನ್ನು ಇನ್ನೊಂದು ದೊಡ್ಡ ಪೈಪಿನೊಳಗೆ ತೂರಿಸಿ ಒಯ್ಯಬೇಕು. ಹಳಿ ಅಗೆಯುವ ಮಾತೇ ಇಲ್ಲ, ಪಕ್ಕದಿಂದ ಜಾಕ್ ಹಾಕಿ ತಳ್ಳಬೇಕು. ಈ ಪರವಾನಗಿಗಳಲ್ಲಿ ಒಂದಕ್ಕೆ ನಾವು ಕೊಟ್ಟ ಡ್ರಾಯಿಂಗ್ ಮೂರು ಸಲ ವಾಪಸ್ ಬಂತು; ಒಂದು ಸಲವಂತೂ ಒಂದು ಕಂಬದ ನಂಬರು ಬರೆದಿಲ್ಲವೆಂದು. ಯಾವ ಕಚೇರಿ ಎಂದು ಕೇಳಬೇಡಿ, ನಾಳೆ ಅಲ್ಲಿಗೇ ಹೋಗಬೇಕು. 40 ಮೀಟರ್ ದಾಟುವುದಕ್ಕೆ 11 ತಿಂಗಳು. ನಮ್ಮ ಫೀಸಿನ ಕೊನೆಯ ಕಂತು ಮಂಜೂರಿಯ ನಂತರವೇ, ಹಾಗಾಗಿ ಆ 11 ತಿಂಗಳು ನಮ್ಮ ಸಾಹೇಬರ ಮುಖ ನೋಡುವಂತಿರಲಿಲ್ಲ.

ಪರವಾನಗಿ ಕೈಗೆ ಬಂದದ್ದು ಮೇ ತಿಂಗಳಲ್ಲಿ. ಬಂದು ಏನು ಮಾಡುವುದು? ಆಷಾಢಕ್ಕೆ ಜ್ಞಾನೇಶ್ವರರ ಪಾಲಖಿ ಆಳಂದಿಯಿಂದ ಪಂಢರಪುರಕ್ಕೆ ಇದೇ ದಾರಿಯಲ್ಲಿ ಹೋಗುತ್ತದೆ. ಲಕ್ಷಾಂತರ ವಾರಕರಿಗಳು ನಡೆಯುವ ರಸ್ತೆಯಲ್ಲಿ ತಗ್ಗು ತೆರೆದಿಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದರ ಬೆನ್ನಿಗೇ ಮಳೆ. ಕೆಲಸ ದೀಪಾವಳಿಗೆ ಹೋಯಿತು. ಅಷ್ಟರಲ್ಲಿ ಸರಕಾರದ ಹೊಸ ದರಪಟ್ಟಿ ಬಂತು, ಎಸ್ಟಿಮೇಟ್ ಮತ್ತೆ ಮೊದಲಿಂದ.

ಇಷ್ಟೆಲ್ಲ ಕೇಳಿದ ಮಾವ ಕೊನೆಗೆ ಅಂದರು, "ಹಂಗಾದ್ರ ನಮ್ಮೂರಾಗ ಯಾವಾಗ ಮುಗಿತೈತಿ?"

"ಪೈಪ್ ರೈಲ್ವೆ ಹಳಿ ದಾಟತೈತೇನ್ರಿ ಮಾಮಾ?"

"ದಾಟತೈತಿ. ಹೆದ್ದಾರೀನೂ ದಾಟತೈತಿ."

"ಹಂಗಾದ್ರ ಮಾಳಿಗಿ ಮ್ಯಾಲಿನ ಬ್ಯಾರೆಲ್ ಈಗ ಮಾರಬ್ಯಾಡ್ರಿ."