ಚಾರ್ಮಾಡಿ ಡ್ರೈವರ್ ಜೊತೆ ಅಲಬಾಮಾ ದಾರಿಯಲ್ಲಿ

ನಮ್ಮ ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಸರ್ವಿಸ್‌ನ ಬಹುಪಾಲು ಕಳೆದದ್ದು ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳಕ್ಕೆ ಹೋಗುವ ರೂಟಿನಲ್ಲಿ. ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ. ಈಗಲೂ ಯಾರ ಗಾಡಿ ಹತ್ತಿದರೂ ಅವರ ಕಣ್ಣು ಮೊದಲು ಕನ್ನಡಿಗೆ ಹೋಗುತ್ತದೆ.

ಹಿಂದಿನ ಸಲ ಅಪ್ಪ ಅಮ್ಮ ಅಮೆರಿಕಕ್ಕೆ ಬಂದಾಗ ಅವರನ್ನು ಹೋಟೆಲ್ ರೂಮುಗಳಲ್ಲಿ ಇಳಿಸಿಕೊಂಡು ಊರೂರು ಸುತ್ತಿಸಿದ್ದೆವು. ಅಮ್ಮ ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ದೂಡಿದ್ದರು. ಬಾತ್‌ರೂಮು ಎಲ್ಲಿ ಸಿಗುತ್ತೋ ಏನೋ ಅಂತ ದಾರಿಯಲ್ಲಿ ನೀರನ್ನೇ ಕುಡಿಯುತ್ತಿರಲಿಲ್ಲ. ಅದಕ್ಕೇ ಈ ಸಲ ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ. ಮಗಳ ಸ್ಪ್ರಿಂಗ್ ಬ್ರೇಕ್ ರಜೆಗೆ ಸರಿಯಾಗಿ ಅಟ್ಲಾಂಟಾದಿಂದ ಹೊರಟು ಅಲಬಾಮಾ, ಮಿಸಿಸಿಪ್ಪಿ, ಟೆನ್ನೆಸ್ಸೀ ಸುತ್ತಿ ಬರುವುದು ಅಂತ ಪ್ಲಾನ್ ಆಯಿತು. ನಮ್ಮ ಪಿಕಪ್ ಟ್ರಕ್ಕಿನ ಹಿಂದೆ 30 ಅಡಿ ಉದ್ದದ ಕ್ಯಾಂಪರ್. ಅದರೊಳಗೆ ಗ್ಯಾಸ್ ಒಲೆ, ಫ್ರಿಜ್ಜು, ಹಾಸಿಗೆ, ಸ್ನಾನದ ಮನೆ ಎಲ್ಲಾ ಇದೆ. ಸಾಮಾನು ತುಂಬಿದ ಮೇಲೆ ಮೂರು ಸಾವಿರ ಕೆಜಿಗಿಂತ ಜಾಸ್ತಿ ತೂಕ. ಎಳೆಯುವವಳು ನಾನು. ನನ್ನ ಗಂಡ ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳ ಜೊತೆ. ಮುಂದೆ ನನ್ನ ಪಕ್ಕ ಅಪ್ಪ.

ಇಷ್ಟು ದೊಡ್ಡ ಗಾಡಿಗೆ ಬೇರೆ ಲೈಸೆನ್ಸ್ ಬೇಡ, ಕಾರಿನ ಲೈಸೆನ್ಸೇ ಸಾಕು ಅಂದಾಗ ಅಪ್ಪ ನಂಬಲಿಲ್ಲ. ಹೊರಡುವ ಹಿಂದಿನ ದಿನ ಟ್ರಕ್ಕಿಗೆ ಕ್ಯಾಂಪರ್ ಜೋಡಿಸುವ ಹಿಚ್ ಹತ್ತಿರ ಕೂತು ಒಂದೊಂದನ್ನೂ ಕೇಳಿ ತಿಳಿದುಕೊಂಡರು. ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕ್ಯಾಂಪರಿನ ಮೂತಿ ಕೂರುತ್ತದೆ. ಕೆಳಗೆ ಎರಡು ಚೈನು, ಒಂದರ ಮೇಲೊಂದು ಅಡ್ಡ ಹಾಕಿರಬೇಕು. ಮೂತಿ ಕಳಚಿಕೊಂಡರೆ ನೆಲಕ್ಕೆ ಬೀಳದೆ ಆ ಚೈನುಗಳ ಮೇಲೆ ಕೂರಲಿ ಅಂತ. ಇನ್ನೊಂದು ತೆಳು ಕೇಬಲ್ ಇದೆ. ಕ್ಯಾಂಪರ್ ಪೂರ್ತಿ ಬಿಟ್ಟುಹೋದರೆ ಅದು ಕಿತ್ತು ಬಂದು ಕ್ಯಾಂಪರಿನ ಬ್ರೇಕು ತಾನೇ ಹಿಡಿಯುತ್ತದೆ. ಮೂತಿಯ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಭಾರ ಬೀಳಬೇಕು, ಕಮ್ಮಿಯಾದರೆ ಸ್ಪೀಡಿನಲ್ಲಿ ಹಿಂಭಾಗ ಆಡೋಕೆ ಶುರುಮಾಡುತ್ತದೆ ಅಂದೆ. ಅಪ್ಪ ಎದ್ದು ಒಳಗೆ ಹೋದರು. ಅಮ್ಮ ಹಿಂದಿನ ಮಂಚದ ಕೆಳಗೆ ಜೋಡಿಸಿಟ್ಟಿದ್ದ ಅಕ್ಕಿ, ರವೆ, ಹಿಟ್ಟಿನ ಚೀಲಗಳನ್ನೆಲ್ಲ ಮುಂದಕ್ಕೆ ಸಾಗಿಸಿದರು. "ರೀ, ಅಡುಗೆ ಒಲೆ ಆ ಕಡೆ ಇದೆ" ಅಂತ ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ.

ಮಾಂಟ್‌ಗಮರಿಯ ಹತ್ತಿರ ಗಂಟರ್ ಹಿಲ್ ಅಂತ ಒಂದು ಕ್ಯಾಂಪ್‌ಗ್ರೌಂಡ್ ಇದೆ, ಅಲಬಾಮಾ ನದಿಯ ಪಕ್ಕದಲ್ಲಿ. ಅಮೆರಿಕದ ಸೈನ್ಯದ ಎಂಜಿನಿಯರ್ ವಿಭಾಗ ನೋಡಿಕೊಳ್ಳುವ ಜಾಗ. ಈ ವಿಭಾಗ ನದಿಗಳಿಗೆ ಅಣೆಕಟ್ಟು ಕಟ್ಟಿದ ಎಷ್ಟೋ ಕಡೆ ಇಂಥ ಜಾಗಗಳನ್ನು ಮಾಡಿದೆ. ಕ್ಯಾಂಪರ್ ನಿಲ್ಲಿಸುವ ಸೈಟಿಗೆ ಹಿಮ್ಮುಖವಾಗಿ ಹೋಗಬೇಕು, ಎರಡೂ ಕಡೆ ಮರ. ಕ್ಯಾಂಪರ್ ರಿವರ್ಸ್ ತೆಗೆಯುವಾಗ ಎಲ್ಲಾ ಉಲ್ಟಾ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾಂಪರಿನ ಬೆನ್ನು ಬಲಕ್ಕೆ ಹೋಗುತ್ತದೆ. ಕೈಯನ್ನು ಸ್ಟೇರಿಂಗಿನ ಕೆಳಭಾಗದಲ್ಲಿ ಇಟ್ಟುಕೊಂಡರೆ ಸುಲಭ. ಕೈ ಹೋದ ಕಡೆಗೇ ಕ್ಯಾಂಪರೂ ಹೋಗುತ್ತದೆ.

ಅಪ್ಪ ಇಳಿದು ಹಿಂದೆ ಹೋದರು. ಎಡಗಡೆ ಕನ್ನಡಿಯಲ್ಲಿ ನನಗೆ ಕಾಣುವ ಹಾಗೇ ನಿಂತರು. ಅವರು ಕಾಣದಿದ್ದರೆ ನಾನು ಗಾಡಿ ಅಲುಗಿಸಬಾರದು, ಅದು ಅವರ ಮೊದಲ ಕರಾರು. ಆಮೇಲೆ ದನಿ ಕೇಳಿತು. "ಬರ್ಲಿ ಬರ್ಲಿ... ರೈಟ್ ರೈಟ್... ಲೆಫ್ಟಿಗೆ ಸ್ವಲ್ಪ ಕಟ್ ಮಾಡು... ಸಾಕು ಸಾಕು... ನೇರ ಮಾಡ್ಕೋ... ಬರ್ಲಿ... ಹೋಲ್ಡಾನ್!" ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಅದೇ ದನಿ. ಪಕ್ಕದ ಸೈಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ವಯಸ್ಸಾದವರೊಬ್ಬರು ಎದ್ದು ಬಂದು ಅಪ್ಪನ ಕೈ ಕುಲುಕಿದರು. ಅವರೂ ಮೊದಲು ಲಾರಿ ಓಡಿಸುತ್ತಿದ್ದವರಂತೆ. ಅಪ್ಪನಿಗೆ ಬರುವ ಇಂಗ್ಲಿಷ್ ಸ್ವಲ್ಪವೇ. ಆದರೂ ಇಬ್ಬರೂ ನಮ್ಮ ಟೈರುಗಳ ಸುತ್ತ ಒಂದು ಸುತ್ತು ಹಾಕಿ ಬಹಳ ಹೊತ್ತು ಮಾತಾಡಿದರು.

ಮರುದಿನ ಕ್ಯಾಂಪರನ್ನು ಅಲ್ಲೇ ಬಿಟ್ಟು ಬರೀ ಟ್ರಕ್ಕಿನಲ್ಲಿ ಮಾಂಟ್‌ಗಮರಿ ಪೇಟೆಗೆ ಹೋದೆವು. ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಹಿಡಿದ ಜಾಗದಲ್ಲಿ ಈಗ ಅವರ ಹೆಸರಿನ ಮ್ಯೂಸಿಯಂ ಇದೆ. ಆ ಕಥೆ ನನಗೆ ಗೊತ್ತಿದ್ದದ್ದೇ, ಶಾಲೆಯಲ್ಲಿ ಓದಿದ್ದೆ. ಅಪ್ಪನ ಪಕ್ಕದಲ್ಲಿ ನಿಂತು ಕೇಳಿದಾಗ ಮಾತ್ರ ಅದು ಮೊದಲು ಒಂದು ಬಸ್ಸಿನ ಕಥೆ ಅಂತ ಗೊತ್ತಾಯಿತು.

1955ರ ಡಿಸೆಂಬರ್ 1ರ ಸಂಜೆ. ಒಬ್ಬ ಬಿಳಿಯನಿಗೆ ಸೀಟು ಬೇಕಾಗಿತ್ತು. ಡ್ರೈವರ್ ಜೇಮ್ಸ್ ಬ್ಲೇಕ್ ನಾಲ್ಕು ಜನ ಕರಿಯರನ್ನು ಎದ್ದೇಳಿ ಅಂದ. ಮೂವರು ಎದ್ದರು, ಪಾರ್ಕ್ಸ್ ಏಳಲಿಲ್ಲ. ಅದಕ್ಕೂ 12 ವರ್ಷ ಮೊದಲು, 1943ರಲ್ಲಿ, ಇದೇ ಡ್ರೈವರ್ ಇದೇ ಹೆಂಗಸನ್ನು ಬಸ್ಸಿನಿಂದ ಇಳಿಸಿದ್ದ. ಆಗಿನ ಪದ್ಧತಿ ಹೀಗಿತ್ತು: ಕರಿಯರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಡಬೇಕು, ಮತ್ತೆ ಕೆಳಗಿಳಿದು ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕು. 1943ರ ಆ ದಿನ ಪಾರ್ಕ್ಸ್ ಕೆಳಗಿಳಿದಿದ್ದೇ ತಡ, ಬಸ್ಸು ಹೊರಟುಬಿಟ್ಟಿತು.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ ಎರಡೆರಡು ಸಲ ಕೇಳಿದರು. "ದುಡ್ಡು ಇಸ್ಕೊಂಡು ಬಿಟ್ಟೋಗೋದಾ? ಪ್ಯಾಸೆಂಜರ್ನ?" ಅವರ ಮುಖ ಕೆಂಪಾಗಿತ್ತು. ಮಾಂಟ್‌ಗಮರಿಯ ಕಾನೂನು ಬಸ್ ಡ್ರೈವರ್‌ಗಳಿಗೆ ಪೊಲೀಸರ ಅಧಿಕಾರ ಕೊಟ್ಟಿತ್ತು, ಯಾರು ಎಲ್ಲಿ ಕೂರಬೇಕು ಅಂತ ಅವರೇ ಹೇಳಬಹುದಿತ್ತು ಅಂತ ಗೋಡೆಯ ಮೇಲಿದ್ದದ್ದನ್ನು ಓದಿ ಹೇಳಿದೆ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತರು. "ನಮ್ಮ ಬಸ್ಸಲ್ಲೂ ಇಂಥೋರ ಪಕ್ಕ ಕೂರಲ್ಲ ಅನ್ನೋರು ಇದ್ರು ಮಗಾ. ಶುರುನಲ್ಲಿ ನೋಡಿದೀನಿ. ಆದ್ರೆ ಕಾನೂನು ಅವರ ಕಡೆ ಇರ್ಲಿಲ್ಲ. ಇಷ್ಟ ಇದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ನಿಂತ್ಕೊಳ್ಳಿ ಅನ್ನೋಕೆ ನನಗೆ ಧೈರ್ಯ ಇತ್ತು. ಇಲ್ಲಿ ಕಾನೂನೇ ತಂದು ಡ್ರೈವರ್ ಕೈಗೆ ಕೊಟ್ಬಿಟ್ಟಿದೆಯಲ್ಲ."

ಆಮೇಲೆ ಬಂದದ್ದು ಬಹಿಷ್ಕಾರದ ಭಾಗ. 381 ದಿನ ಊರಿನ ಕರಿಯರು ಬಸ್ಸು ಹತ್ತಲಿಲ್ಲ. ನಡೆದರು, ಒಬ್ಬರಿಗೊಬ್ಬರು ಕಾರು ಕೊಟ್ಟರು. ಕರಿಯ ಟ್ಯಾಕ್ಸಿ ಡ್ರೈವರ್‌ಗಳು ಬಸ್ಸಿನ ಚಾರ್ಜೇ, ಅಂದರೆ ಬರೀ 10 ಸೆಂಟು ತೆಗೆದುಕೊಂಡರು. ಕೊನೆಗೆ ಸುಪ್ರೀಂ ಕೋರ್ಟು, ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವ ಕಾನೂನನ್ನೇ ತೆಗೆದುಹಾಕಿತು. ಅಪ್ಪ ಹೇಳಿದರು, "ನಮ್ಮಲ್ಲಿ ಸ್ಟ್ರೈಕ್ ಅಂದ್ರೆ ನಾವು ಬಸ್ ನಿಲ್ಲಿಸ್ತಿದ್ವಿ. ಇಲ್ಲಿ ಪ್ಯಾಸೆಂಜರ್‌ಗಳೇ ನಿಲ್ಲಿಸಿದ್ದಾರೆ. ಒಂದು ವರ್ಷ!" ಪಾರ್ಕ್ಸ್ ಕೂತಿದ್ದ ಅಸಲಿ ಬಸ್ಸು ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿದೆ, ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ. ಅದರ ನಂಬರ್ 2857 ಅಂತ ಅಪ್ಪ ಡೈರಿಯಲ್ಲಿ ಬರೆದುಕೊಂಡರು.

ಕ್ಯಾಂಪರ್ ಮತ್ತೆ ಜೋಡಿಸಿಕೊಂಡು ಸೆಲ್ಮಾಕ್ಕೆ ಹೊರಟೆವು, ಹೈವೇ 80ರಲ್ಲಿ. 1965ರ ಮಾರ್ಚ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರು ಮತದಾನದ ಹಕ್ಕಿಗಾಗಿ ಇದೇ ದಾರಿಯಲ್ಲಿ 54 ಮೈಲಿ ನಡೆದಿದ್ದರು, ಸೆಲ್ಮಾದಿಂದ ಮಾಂಟ್‌ಗಮರಿಗೆ. ನಾವು ಉಲ್ಟಾ ದಿಕ್ಕಿನಲ್ಲಿ, ಕ್ಯಾಂಪರ್ ಎಳೆದುಕೊಂಡು. ಬರೀ ಹುಲ್ಲುಗಾವಲು, ಪೈನ್ ಮರ, ಅಲ್ಲೊಂದು ಇಲ್ಲೊಂದು ಚರ್ಚು. ಕ್ಯಾಂಪರ್ ಇದ್ದರೆ ಅವಸರ ಮಾಡುವ ಹಾಗಿಲ್ಲ. ದೊಡ್ಡ ಲಾರಿ ಓವರ್‌ಟೇಕ್ ಮಾಡುವಾಗ ಅದರ ಗಾಳಿ ಮೊದಲು ಕ್ಯಾಂಪರನ್ನು ಆಚೆ ತಳ್ಳುತ್ತದೆ, ಆಮೇಲೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡು ಕೈಯಲ್ಲೂ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ನಿಧಾನವಾಗಿ ಹೋಗಬೇಕು. ಹಾಗೆ ಹೋದರೆ ಈ ದಾರಿ ನಡೆಯುವವರಿಗೆ ಎಷ್ಟು ಉದ್ದ ಅಂತ ಅರ್ಥವಾಗುತ್ತದೆ.

ಸೆಲ್ಮಾದಲ್ಲಿ ಅಪ್ಪನೂ ನಾನೂ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ನಡೆದೆವು. ಆ ನಡಿಗೆಗೆ ಮೊದಲು, 1965ರ ಮಾರ್ಚ್ 7ರಂದು, ಅದೇ ಹಕ್ಕು ಕೇಳಿ ಹೊರಟಿದ್ದ ಸುಮಾರು 600 ಜನರನ್ನು ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಹೊಡೆದ ಜಾಗ. ಅವರ ಮುಂದಾಳುಗಳಲ್ಲಿ ಒಬ್ಬರಾದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರಿದದ್ದು ಇಲ್ಲೇ. ಸೇತುವೆ ನಡುವೆ ಉಬ್ಬಿದೆ. "ಬ್ಲೈಂಡು" ಅಂದರು ಅಪ್ಪ. "ಮೇಲೆ ಹತ್ತೋವರೆಗೂ ಆ ಕಡೆ ಏನಿದೆ ಅಂತ ಕಾಣಲ್ಲ." ನಿಜ. ಅವತ್ತು ಮುಂದೆ ನಡೆಯುತ್ತಿದ್ದವರಿಗೂ ನೆತ್ತಿ ತಲುಪಿದ ಮೇಲೇ ಪೊಲೀಸರ ಸಾಲು ಕಂಡದ್ದು. ಕಂಡ ಮೇಲೂ ಅವರು ಇಳಿದುಕೊಂಡು ಹೋದರು. ಅಪ್ಪ ಕಮಾನಿನ ಮೇಲಿದ್ದ ಹೆಸರು ಯಾರದ್ದು ಅಂತ ಕೇಳಿದರು. ಗುಲಾಮಗಿರಿಯ ಪರ ಯುದ್ಧ ಮಾಡಿದ ಸೇನಾಪತಿಯದ್ದು ಅಂದೆ. ಅವರು ಅದನ್ನೇ ಒಂದು ಗಳಿಗೆ ನೋಡಿ, ತಲೆ ಅಲ್ಲಾಡಿಸಿ ಮುಂದೆ ನಡೆದರು.

ದಾರಿಯಲ್ಲಿ ಅಮ್ಮನಿಗೆ ಸಿಕ್ಕ ದೊಡ್ಡ ಖುಷಿ ಬೇಯಿಸಿದ ಕಡಲೆಕಾಯಿ. ರಸ್ತೆ ಬದಿಯಲ್ಲಿ ಕೈಬರಹದ ಬೋರ್ಡು, ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಯುತ್ತಿತ್ತು, ಜಾಲರಿ ಸೌಟಿನಲ್ಲಿ ಎತ್ತಿ ಬಿಸಿಬಿಸಿ ಚೀಲಕ್ಕೆ ಸುರಿದರು. ಅಮ್ಮ ಒಂದು ಸುಲಿದು ಬಾಯಿಗೆ ಹಾಕಿಕೊಂಡು, "ಇದು ನಮ್ಮದೇ ಅಲ್ವಾ!" ಅಂದರು. ಅಮೆರಿಕದ ಉತ್ತರದಲ್ಲಿ ಇದನ್ನು ತಿನ್ನುವವರು ಕಮ್ಮಿ. ಬೆಂಡೆಕಾಯಿ, ಅಲಸಂದೆ ಕೂಡ ಇಲ್ಲಿನ ಮನೆಮನೆಯ ಊಟ. ಎರಡೂ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಬಂದವು. ತಾವು ಹಿಡಿದು ತಂದ ಜನರಿಗೆ ಏನೂ ಕೊಡದವರು, ಕೊನೆಗೆ ಅವರ ಊಟವನ್ನೇ ತಮ್ಮ ಊಟ ಮಾಡಿಕೊಂಡರು. ಅವತ್ತು ರಾತ್ರಿ ಕ್ಯಾಂಪರಿನಲ್ಲಿ ಅಲಸಂದೆ ಹುಳಿ, ಬೆಂಡೆಕಾಯಿ ಪಲ್ಯ, ಬಿಸಿ ಅನ್ನ. ಸ್ವಂತ ಒಲೆಯ ಮುಂದೆ ನಿಂತ ಅಮ್ಮನಿಗೆ ಮಂಡಿನೋವಿನ ನೆನಪೂ ಇರಲಿಲ್ಲ.

ಮಿಸಿಸಿಪ್ಪಿಯ ಜಾಕ್ಸನ್ ದಾಟಿ ನ್ಯಾಚೆಜ್ ಟ್ರೇಸ್ ಹಿಡಿದೆವು. ಕ್ಯಾಂಪರ್ ಎಳೆಯುವವರಿಗೆ ಇದಕ್ಕಿಂತ ಒಳ್ಳೆಯ ರಸ್ತೆ ನನಗೆ ಗೊತ್ತಿಲ್ಲ. ಒಟ್ಟು 444 ಮೈಲಿ. ಲಾರಿ ಬಿಡುವುದಿಲ್ಲ. ಅಂಗಡಿ, ಪೆಟ್ರೋಲ್ ಬಂಕು, ಜಾಹೀರಾತು ಯಾವುದೂ ಇಲ್ಲ. 50 ಮೈಲಿಗಿಂತ ಜಾಸ್ತಿ ಸ್ಪೀಡು ಹೋಗುವ ಹಾಗಿಲ್ಲ. ಟ್ರಕ್ಕು, ಕ್ಯಾಂಪರ್ ಸೇರಿ 55 ಅಡಿ ಮೀರಬಾರದು, ನಮ್ಮದು ಅದರೊಳಗೇ ಇತ್ತು. ಮೊದಲು ಚೊಕ್ಟಾ, ಚಿಕಸಾ ಜನ ನಡೆದು ಮಾಡಿದ ಕಾಲುದಾರಿ ಇದು. ಆಮೇಲೆ 1800ರ ಆಸುಪಾಸಿನಲ್ಲಿ ಉತ್ತರದ ರೈತರು ದೋಣಿಯಲ್ಲಿ ಸರಕು ತುಂಬಿಕೊಂಡು ಮಿಸಿಸಿಪ್ಪಿ ನದಿಯಲ್ಲಿ ತೇಲಿ ಬರುತ್ತಿದ್ದರು. ಸರಕು ಮಾರಿ, ದೋಣಿಯನ್ನೂ ಮರದ ಬೆಲೆಗೆ ಮಾರಿ, ಈ ದಾರಿಯಲ್ಲಿ ನಡೆದು ಮನೆ ಸೇರುತ್ತಿದ್ದರು. ಹೊಳೆಯ ಎದುರು ದೋಣಿ ಹತ್ತುತ್ತಿರಲಿಲ್ಲ, ಅದಕ್ಕೆ. ಸ್ಟೀಮ್ ಬೋಟು ಬಂದ ಮೇಲೆ ದಾರಿ ಖಾಲಿಯಾಯಿತು. ಟೆನ್ನೆಸ್ಸೀ ಒಳಗೆ, 1809ರಲ್ಲಿ ಸತ್ತ ಮೆರಿವೆದರ್ ಲೂಯಿಸ್ ಎಂಬ ಅನ್ವೇಷಕನ ಸಮಾಧಿಯ ಹತ್ತಿರ ಉಳಿದುಕೊಂಡೆವು. ಕರೆಂಟಿಲ್ಲ, ಬಾಡಿಗೆಯೂ ಇಲ್ಲ. ನ್ಯಾಶ್‌ವಿಲ್‌ನಲ್ಲಿ ಗಣೇಶನ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಮ್ಯಾಂಚೆಸ್ಟರ್ ಎಂಬ ಸಣ್ಣ ಊರಿನ ಪಾರ್ಕಿನಲ್ಲಿ ರಾತ್ರಿ ಕಳೆದೆವು.

ಮರುದಿನ ಬೆಳಿಗ್ಗೆ ಮಾಂಟೀಗಲ್. ಚಟನೂಗಾ ಕಡೆಗೆ ಹೋಗುವ ಇಂಟರ್‌ಸ್ಟೇಟ್ 24 ಇಲ್ಲಿ ಬೆಟ್ಟ ಹತ್ತಿ ಕಡಿದಾಗಿ ಇಳಿಯುತ್ತದೆ. ಲಾರಿ ಓಡಿಸುವವರಿಗೆಲ್ಲ ಗೊತ್ತಿರುವ ಹೆಸರು. ಬ್ರೇಕು ಫೇಲಾದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಜಲ್ಲಿ ತುಂಬಿದ ಪಕ್ಕದ ದಾರಿಗಳನ್ನು ಮಾಡಿಟ್ಟಿದ್ದಾರೆ. ನೆತ್ತಿಗೆ ಬರುತ್ತಿದ್ದ ಹಾಗೆ ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತರು.

"ಹತ್ತಿದ ಗೇರಲ್ಲೇ ಇಳಿ ಮಗಾ."

ಗೇರು ಇಳಿಸಿದೆ. ಎಂಜಿನ್ ಗುಂಯ್ ಅಂದಿತು. ಬಲಗಡೆ ಲೇನಿನಲ್ಲಿ ಲಾರಿಗಳು ಮಿಣಿಮಿಣಿ ದೀಪ ಹಾಕಿಕೊಂಡು ತೆವಳುತ್ತಿದ್ದವು, ನಾನೂ ಅವುಗಳ ಹಿಂದೆ ಸೇರಿಕೊಂಡೆ. ಕಾದ ಬ್ರೇಕಿನ ವಾಸನೆ ಮೂಗಿಗೆ ಬಡಿಯಿತು, ಮುಂದಿನ ಲಾರಿಯದ್ದು. "ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರ್ಬೇಡ. ಒತ್ತು. ಬಿಡು. ತಣ್ಣಗಾಗ್ಲಿ. ಮತ್ತೆ ಒತ್ತು." ಹಿಂದಿನಿಂದ ಕ್ಯಾಂಪರ್ ತಳ್ಳುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಪ್ರತಿ ತಿರುವಿಗೂ ಮೊದಲೇ ಅಪ್ಪನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಅದನ್ನು ನೋಡಿಕೊಂಡೇ ನಾನೂ ಒತ್ತಿದೆ. ಹಿಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ. 45 ಮೈಲಿ ಸ್ಪೀಡು ಒಂದು ಸಲವೂ ದಾಟಲಿಲ್ಲ.

ಕೆಳಗೆ ಬಂದು ಮೊದಲು ಸಿಕ್ಕ ಬಂಕಿನ ಪಕ್ಕ ನಿಲ್ಲಿಸಿದೆ. ಅಪ್ಪ ಇಳಿದು ಕ್ಯಾಂಪರಿನ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿದು ಬಿಸಿ ನೋಡಿದರು. ಚೈನು ಎಳೆದು ನೋಡಿದರು. ಆಮೇಲೆ ಫೋನ್ ತೆಗೆದು, ಅವರ ಜೊತೆ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದ ಗೆಳೆಯರಿಗೆ ಮಾಡಿದರು. ಮೂಡಿಗೆರೆಯಲ್ಲಿ ಆಗ ಸಂಜೆ ಮುಗಿದಿತ್ತು.

"ಹ್ಞೂ, ಘಾಟಿನೇ. ತಿರುವು ನಮ್ಮ ಚಾರ್ಮಾಡಿ ಅಷ್ಟಿಲ್ಲ, ಲೋಡು ಜಾಸ್ತಿ. ಇಲ್ಲ ಮಾರಾಯ, ನಾನಲ್ಲ. ನನ್ನ ಮಗಳು ಇಳಿಸಿದ್ಲು. ಗೇರಲ್ಲೇ ಇಳಿಸಿದ್ಲು. ಡ್ರಮ್ ಮುಟ್ಟಿ ನೋಡ್ದೆ, ಕೈ ಇಡಬಹುದು."